ಐದು ಅಮಾಸಿಯ ತನಕ

ಇಂಡಿ
೮ ನವೆಂಬರ್ ೨೦೨೩

ತಮ್ಮ ಅನಿಲಕುಮಾರನಿಗೆ ಅಕ್ಕ ಸುಮಂಗಲಾಳ ಜೈಭೀಮ.

ಹೋದ ಸಲ ಲಿಂಬಿಕಾಯಿ ಚೀಲದ ಬಾಯಿ ಬಿಚ್ಚಿ ಕಾಗದ ತುರುಕುವುದನ್ನು ಕಂಡು ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ಬಾಬುಲಾಲ ನಮ್ಮ ಮನೆಯವರಿಗೆ ಕೇಳಿದನಂತೆ: "ಭೀಮಶ್ಯಾ, ಈ ಕಾಲದಾಗ ಚೀಟಿ ಯಾರು ಬರೀತಾರೋ? ಮನ್ಯಾಗ ಫೋನ್ ಇಲ್ಲೇನು?" ಇವರು, "ಫೋನ್ ಐತಿ, ಹೇಣ್ತಿಗೆ ಕಿವಿ ಇಲ್ಲ" ಅಂದರಂತೆ. ಬಸ್ಸಿನವರೆಲ್ಲ ನಕ್ಕರಂತೆ. ನಗಲಿ. ವಾಟ್ಸಾಪಿನಲ್ಲಿ ನಿನಗೆ "ಊಟ ಆಯಿತೇ" ಎಂದು ಒತ್ತಲು ಹೋಗಿ ಅಳುವ ಗೊಂಬೆಗಳನ್ನು ಕಳಿಸಿದ್ದು ನೆನಪಿದೆಯಲ್ಲ. ಬೆರಳು ಒಂದು ಕಡೆ ಹೋದರೆ ಕೈ ಇನ್ನೊಂದು ಕಡೆ. ಪೆನ್ನಿಗೆ ಸೈಕಲ್ ಹಿಡಿಕೆಯ ರಬ್ಬರು ತೊಡಿಸಿಕೊಟ್ಟಿದ್ದಾರೆ, ಮುಷ್ಟಿಯಲ್ಲಿ ಹಿಡಿದು ಬರೆಯುತ್ತೇನೆ.

ಹುಬ್ಬಳ್ಳಿಗೆ ಹೋಗಿ ಬಂದೆವು. ಇದು ನರ ಸವೆಯುವ ಬೇನೆ, ಅಟಾಕ್ಸಿಯಾ ಅಂತಾರಂತೆ. ರಕ್ತದೊಳಗೆ ಮದುವೆ ಮಾಡಿಕೊಂಡವರ ಮಕ್ಕಳಿಗೆ ಬರುವುದು ಹೆಚ್ಚಂತೆ. ನಮ್ಮ ಅವ್ವ ತನ್ನ ಸೋದರಮಾವನನ್ನೇ ಕಟ್ಟಿಕೊಂಡಳಲ್ಲ. ಇಬ್ಬರೂ ಪುಣ್ಯವಂತರು, ನೋಡಲು ಉಳಿಯಲಿಲ್ಲ. ಮೊದಲು ಕಾಲಿಗೆ ಬಂತು, ಆಮೇಲೆ ಕೈಗೆ, ಆಮೇಲೆ ಕಿವಿಗೆ. ಸಪ್ಪಳ ಬರುತ್ತದೆ, ಮಾತು ಬರುವುದಿಲ್ಲ. ಕಿವಿಗೆ ಹಚ್ಚುವ ಮಿಷನ್ನು ಗದ್ದಲವನ್ನಷ್ಟೇ ಹೆಚ್ಚು ಮಾಡಿತು.

ಈಗ ಕಾಕ್ಲಿಯರ್ ಇಂಪ್ಲಾಂಟ್ ಹಾಕೋಣ ಅನ್ನುತ್ತಾರೆ. ಕಿವಿಯೊಳಗಿನ ಶಂಖದಂಥ ಸುರುಳಿಗೆ ಕೂದಲೆಳೆಯಂಥ ತಂತಿ, ತಲೆಯ ಚರ್ಮದ ಕೆಳಗೆ ಒಂದು ಬಿಲ್ಲೆ, ಹೊರಗೆ ಒಂದು ಯಂತ್ರ. ದೊಡ್ಡ ಡಾಕ್ಟರು, "ನರಾನೇ ಸವೀತಿರುವಾಗ ಯಂತ್ರ ಹಾಕಿ ಏನು ಫಾಯದೆ?" ಅಂದರು. ಇನ್ನೊಬ್ಬ ಡಾಕ್ಟರಮ್ಮ ಬೇರೆಯೇ ಹೇಳಿದಳು: "ಸವೀತೈತಿ ಅಂತನ ಈಗ ಹಾಕಬೇಕು. ನಾಳೆ ಕಣ್ಣಿಗೂ ಬರಬಹುದು." ಎರಡೂ ಮಾತನ್ನು ಚೀಟಿಯಲ್ಲಿ ಬರೆದು ತೋರಿಸಿದರು.

ಈಗ ತುಟಿ ನೋಡಿ ಅರ್ಧ ತಿಳಿಯುತ್ತೇನೆ. ಕಣ್ಣೂ ಹೋದರೆ, ಅನಿಲ್ಯಾ, ನಾನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚಿದ ಜೋಳವಾಗುತ್ತೇನೆ. ಒಳಗೇ ಇರಬೇಕು, ಮುಗ್ಗಬೇಕು. ರಾತ್ರಿಯೆಲ್ಲ ಇದೇ ಭಯ. ಏನು ಮಾಡಲಿ ಹೇಳು. ನಿನಗೆ ಬರಲಿಲ್ಲವಲ್ಲ, ಅದೊಂದೇ ನನ್ನ ಸಮಾಧಾನ.

ನಿನ್ನ ಅಕ್ಕ


ಬಸವನ ಬಾಗೇವಾಡಿ
೧೫ ನವೆಂಬರ್ ೨೦೨೩

ಅಕ್ಕಾ, ಜೈಭೀಮ.

ಲಿಂಬಿಕಾಯಿ ಮುಟ್ಟಿದವು. ಅರ್ಧವನ್ನು ಮನೆಯ ಮಾಲೀಕ ನಬಿಸಾಬರಿಗೆ ಕೊಟ್ಟೆ. ಆಲಮಟ್ಟಿಯ ಕಾಲುವೆ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಉಪ್ಪಿನಕಾಯಿ ಹಾಕುವುದೇ ದೊಡ್ಡ ಉದ್ಯೋಗ.

ಮಾಡಿಸಿಕೋ. ದೊಡ್ಡ ಡಾಕ್ಟರ ಮಾತು ಬಿಡು. ನಾಳೆ ಮುರಿಯುವ ಸೇತುವೆಯಾದರೂ ಇವತ್ತು ದಾಟಲು ಬರುತ್ತದಲ್ಲ. ನಿನ್ನಂಥ ಕೆಲವರಿಗೆ ಮಾತು ತಿಳಿದಿದೆ, ಕೆಲವರಿಗೆ ಬರೀ ಸದ್ದು ಎಂದು ನಾನೂ ಓದಿದ್ದೇನೆ. ಹಾಕಿಸಿಕೊಳ್ಳದೆ ಗೊತ್ತಾಗುವುದಿಲ್ಲ.

ನಿನ್ನ ಕಷ್ಟ ನನಗೆ ತಿಳಿಯುತ್ತದೆ. ಹಿಂದಿನ ಬೆಂಚಿನ ಹುಡುಗ ಎದ್ದು ಉತ್ತರ ಹೇಳುತ್ತಾನೆ, ಬಾಯಿ ಆಡುತ್ತದೆ, ದನಿ ಬರುತ್ತದೆ, ಅಕ್ಷರ ಮಾತ್ರ ಹಿಟ್ಟಾಗಿ ಬರುತ್ತವೆ. ಸರಿಯೋ ತಪ್ಪೋ ತಿಳಿಯದೆ "ಕೂಡು" ಎನ್ನಬೇಕು. ಹೀಗೇ ಇರುತ್ತದೆ ಅಲ್ಲವೇ?

ನನಗೀಗ ಗಣಿತದ ಪಾಠ ಬಿಡಿಸಿ ಆಫೀಸಿನ ಕೆಲಸ ಕೊಟ್ಟಿದ್ದಾರೆ. ಆರಾಮ. ಸಿಂದಗಿಯ ಸೋದರಮಾವನ ಮಗಳ ಮಾತು ಇನ್ನು ತೆಗೆಯಬೇಡ. ನನಗೆ ಮದುವೆ ಬೇಡ.

ಅನಿಲ


ಇಂಡಿ
೨೬ ಫೆಬ್ರವರಿ ೨೦೨೪

ಅನಿಲ್ಯಾ,

ನಿನಗೆ ಆಫೀಸಿನ ಕೆಲಸ ಸಿಕ್ಕಿತೆಂದು ನಾನು ಮನೆಮಂದಿಗೆಲ್ಲ ಪೇಢೆ ಹಂಚಿದ್ದೆ, ನೀನು ದೊಡ್ಡ ಸಾಹೇಬನಾಗಿಬಿಟ್ಟೆ. ಜನವರಿಯಲ್ಲಿ ಆಪರೇಷನ್ನಿಗೆ ಹುಬ್ಬಳ್ಳಿಗೆ ಬಂದವನು ಬೆಂಚು ಬಿಟ್ಟು ಏಳಲಿಲ್ಲ. ಎದ್ದರೆ ಗೋಡೆ ಹಿಡಿದೆ. ಯಾಕೋ ಎಂದು ಸನ್ನೆ ಮಾಡಿದರೆ "ಬೈಕಿನಿಂದ ಬಿದ್ದೆ" ಎಂದು ಬರೆದು ತೋರಿಸಿದೆ. ಆ ಬೈಕನ್ನು ಮೊದಲು ಮಾರು. ಸಿಂದಗಿಯ ಹುಡುಗಿಯನ್ನು ಬೇಡ ಎಂದದ್ದಕ್ಕೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ವಾರ ಯಂತ್ರ ಚಾಲೂ ಮಾಡಿದರು. ಎಲ್ಲರೂ ನನ್ನ ಬಾಯಿ ನೋಡುತ್ತ ಕುಳಿತರು. ತಗಡಿನ ಮೇಲೆ ಗೋವಿನಜೋಳ ಸುರಿದ ಹಾಗೆ ಸಪ್ಪಳ, ಅಷ್ಟೇ. ಕೋಮಲ ಎದುರು ನಿಂತು "ಅವ್ವಾ" ಎಂದಳು. ತುಟಿ ನೋಡಿ ತಿಳಿದೆ. ಕಿವಿಗೆ ಬಂದದ್ದು ಎಣ್ಣೆ ಕಾಣದ ಬೋರಿನ ಹಿಡಿಕೆಯ ಕಿರ್ರ್. ಒಂಬತ್ತು ವರ್ಷದ ಕೂಸು, ನನ್ನ ಮುಖ ನೋಡಿ, ನಗುವುದನ್ನು ಬಿಟ್ಟು ಅಪ್ಪನ ಹಿಂದೆ ಹೋಗಿ ನಿಂತಳು.

ಡಾಕ್ಟರಮ್ಮ, "ತಲಿ ಕಲೀಬೇಕು, ತಿಂಗಳುಗಟ್ಟಲೆ ಹಿಡಿತೈತಿ" ಎಂದು ಬರೆದು ಕೊಟ್ಟಿದ್ದಾಳೆ. ಬರೆದ ಮಾತು ಓದಿ ಓದಿ ಸಾಕಾಗಿದೆ. ತಲೆಗೆ ತೂತು ಹಾಕಿಸಿಕೊಂಡು ಕಿರ್ರ್ ಎಂಬುದನ್ನು ಕೊಂಡುಕೊಂಡೆ.

ಅಕ್ಕ


ಬಸವನ ಬಾಗೇವಾಡಿ
೧೪ ಮಾರ್ಚ್ ೨೦೨೪

ಅಕ್ಕಾ,

ಧೈರ್ಯ ಬಿಡಬೇಡ. ನಾನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರೆ. ಕೋಮಲ ಕೈಯಿಂದ ಬಾಯಿ ಮುಚ್ಚಿಕೊಂಡು ಒಂದು ಮಾತು ಹೇಳಲಿ, ತಿಳಿಯುತ್ತದೆಯೇ? ಹಿಂದಿನಿಂದ ಕರೆದರೆ? ಗಂಡಸಿನ ದನಿ, ಹೆಂಗಸಿನ ದನಿ ಬೇರೆ ಬೇರೆ ಕೇಳುತ್ತವೆಯೇ? ಬಸ್ಸಿನ ಗದ್ದಲದಲ್ಲಿ? ಇದ್ದದ್ದನ್ನು ಇದ್ದ ಹಾಗೆ ಹೇಳು. ನನ್ನ ಸಮಾಧಾನಕ್ಕೆಂದು ಒಂದು ಅಕ್ಷರವನ್ನೂ ಸೇರಿಸಬೇಡ.

ನೀನು ಯುಗಾದಿಗೆ ಬಾ ಎಂದಿದ್ದೆ. ಆಗುವುದಿಲ್ಲ, ಶಾಲೆಯ ಕೆಲಸ ಬಹಳ. ನಿನ್ನೆ ನಬಿಸಾಬರು ಬಾಗಿಲು ಬಡಿದು ಬಡಿದು ಹೊರಟುಹೋದರಂತೆ. ಗಾಢ ನಿದ್ದೆ ಬಂದಿತ್ತು.

ಅನಿಲ


ಇಂಡಿ
೧೭ ಏಪ್ರಿಲ್ ೨೦೨೪

ತಮ್ಮಾ,

ಏನಪ್ಪಾ ನಿನ್ನ ಪರೀಕ್ಷೆ! ನಾನೇನು ನಿನ್ನ ಶಾಲೆಯ ಹುಡುಗಿಯೇ? ಬಾಯಿ ಮುಚ್ಚಿ ಹೇಳಿದರೆ, ಹಿಂದಿನಿಂದ ಕರೆದರೆ, ಬಸ್ಸಿನಲ್ಲಿ ಕೂಗಿದರೆ! ನೀನೇ ಬಂದು ಕೂಗಿ ನೋಡಬಾರದೇ? ಬಾಗೇವಾಡಿಯಿಂದ ಇಂಡಿ ಏನು ದೂರದ ದೇಶವೇ? ಮಾಸ್ತರಿಕೆ ಬಂದ ಮೇಲೆ ಅಕ್ಕ ಭಾರವಾದಳು.

ಉತ್ತರ ಬೇಕಲ್ಲ, ತೆಗೆದುಕೋ. ಏನೂ ಇಲ್ಲ. ಮೊದಲು ಹೇಗಿತ್ತೋ ಹಾಗೇ. ಇದರ ಮೇಲೆ ಕೇಳಬೇಡ.

ಆಲಮೇಲದ ಕಡೆ ಅತ್ತೆಯ ತವರಿಗೆ ಎರಡು ಸಲ ಹೋಗಿ ಬಂದೆವು. ಭೀಮಾ ಹೊಳೆಯಲ್ಲಿ ನೀರಿಲ್ಲ, ಉಸುಕೇ ಉಸುಕು. ಇರು, ಹಿತ್ತಲಿನಿಂದ ಅತ್ತೆ "ಹಾಲು ಉಕ್ಕಾಕತ್ತೈತಿ, ಒಲಿ ಸಣ್ಣ ಮಾಡವಾ" ಎನ್ನುತ್ತಿದ್ದಾಳೆ.

ಬಂದೆ. ನಾನು ಗೋಡೆ ಹಿಡಿದು ಮುಟ್ಟುವುದರೊಳಗೆ ಅರ್ಧ ಹಾಲು ಒಲೆಯ ಪಾಲು. ಉಪ್ಪಿನಕಾಯಿ ಕಳಿಸಿದ್ದೇನೆ, ನಿನ್ನ ನಬಿಸಾಬರದಕ್ಕಿಂತ ಚಲೋ ಇಲ್ಲದಿದ್ದರೆ ಹೇಳು.

ಅಕ್ಕ


ಬಸವನ ಬಾಗೇವಾಡಿ
೧೨ ಮೇ ೨೦೨೪

ಅಕ್ಕಾ,

ಇದನ್ನು ನಿನಗೆ ಕಳಿಸುವುದಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನನಗೂ ಬಂದಿದೆ. ಎರಡು ವರ್ಷವಾಯಿತು. ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದೆ ಬರಿಗಾಲಲ್ಲಿ ಶಾಲೆಗೆ ಹೋದ ದಿನವೇ ಗೊತ್ತಾಯಿತು, ನಿನಗೂ ಹಾಗೇ ಶುರುವಾಗಿತ್ತಲ್ಲ. ಬೈಕಿನಿಂದ ಬಿದ್ದಿಲ್ಲ, ನಿಂತಲ್ಲೇ ಬಿದ್ದೆ. ಪಾಠ ಬಿಡಿಸಿದ್ದು ಮಕ್ಕಳ ಮಾತು ನನಗೆ ತಿಳಿಯುವುದಿಲ್ಲ ಎಂದು ಪಾಲಕರು ದೂರು ಕೊಟ್ಟ ಮೇಲೆ. ಸಿಂದಗಿಯ ಹುಡುಗಿಯನ್ನು ಯಾಕೆ ಬೇಡ ಎಂದೆ, ಈಗ ತಿಳಿಯಿತೇ? ನಮ್ಮದೇ ರಕ್ತವನ್ನು ಮತ್ತೆ ನಮ್ಮ ಮನೆಗೆ ತರಲಾರೆ.

ಕಣ್ಣಿನ ನಡುವೆ ಮಬ್ಬು ಕಟ್ಟುತ್ತಿದೆ. ನೀನು ಹೆದರಿದ ಹಗೇವು ನಿನಗಿಂತ ಮೊದಲು ನನಗೆ ಬಾಯಿ ತೆರೆದಿದೆ.

ಸೊಲ್ಲಾಪುರದಲ್ಲಿ ತೋರಿಸುತ್ತಿದ್ದೇನೆ, ಹುಬ್ಬಳ್ಳಿಗೆ ಹೋದರೆ ನಿನಗೆ ಗೊತ್ತಾಗುತ್ತದೆಂದು. ನಿನಗೆ ಹಾಕಿದ ಇಂಪ್ಲಾಂಟನ್ನೇ ನನಗೂ ಹಾಕಲು ಜೂನ್ ಹತ್ತರೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ನಿನಗೆ ಬಂದ ಬೇನೆಯೇ, ಅದೇ ತಂದೆ ತಾಯಿ. "ನಿಮ್ಮ ಅಕ್ಕಗ ಮಾತು ತಿಳದ್ರ ನಿಮಗೂ ತಿಳಿಯೋ ಸಂಭವ ಬಹಳ ಐತಿ, ಆಕಿಗೆ ಇಲ್ಲಂದ್ರ ನಿಮಗೂ ಕಷ್ಟ" ಎಂದು ಅಲ್ಲಿನ ಡಾಕ್ಟರು ಬರೆದು ಕೊಟ್ಟರು. ಹೃದಯಕ್ಕೂ ಬೇನೆ ಇಳಿದಿದೆ. ಅರಿವಳಿಕೆ ಕೊಟ್ಟರೆ ಈಗಿನ ಮಟ್ಟಿಗೆ ತಡೆಯಬಹುದಂತೆ, ಆದರೂ ಜೀವದ ಅಪಾಯ ಇದ್ದೇ ಇದೆ. ಬರೀ ಕಿರ್ರ್ ಎಂಬ ಸದ್ದಿಗೆ ಜೀವ ಒತ್ತೆ ಇಡಬೇಕೇ? ಅದು ನಿನ್ನ ಒಂದು ಮಾತಿನ ಮೇಲಿದೆ.

ನನಗೆ ಬಂದಿದೆ ಎಂದು ನಿನಗೆ ಹೇಳಿದರೆ ಏನಾಗುತ್ತದೆ, ನನಗೆ ಗೊತ್ತು. ನನ್ನ ಧೈರ್ಯಕ್ಕೆಂದು "ಕೇಳುತ್ತದೆ" ಎಂದು ಸುಳ್ಳು ಹೇಳುತ್ತೀ. ನನಗೆ ನಿಜ ಬೇಕು. ಅದಕ್ಕೇ ಮುಚ್ಚಿಟ್ಟಿದ್ದೇನೆ.

ಅನಿಲ


ಬಸವನ ಬಾಗೇವಾಡಿ
೨೦ ಮೇ ೨೦೨೪

ಅಕ್ಕಾ,

ಕಡೆಯ ಸಲ ಕೇಳುತ್ತೇನೆ, ಬೈಯಬೇಡ. ಕಣ್ಣು ಮುಚ್ಚಿಕೊಂಡು ಕುಳಿತರೆ ಒಂದಾದರೂ ಮಾತು ತಿಳಿಯುತ್ತದೆಯೇ? ಹೌದು ಅಥವಾ ಇಲ್ಲ, ಒಂದೇ ಮಾತು ಬರೆ. ಜೂನ್ ಹತ್ತರೊಳಗೆ ಮುಟ್ಟಲಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಅನಿಲ


ಇಂಡಿ
೨ ಜೂನ್ ೨೦೨೪

ಅನಿಲ್ಯಾ,

ಇಲ್ಲ.

ಆಯಿತೇ? ಸುಟ್ಟ ಗಾಯಕ್ಕೆ ಎಷ್ಟು ಸಲ ಬೆರಳು ಇಡುತ್ತೀ? ಜುಲೈ ಬರಲಿ, ಆಮೇಲೆ ಎಷ್ಟು ಬೇಕಾದರೂ ಮಾತಾಡೋಣ. ಜುಲೈ ಯಾಕೆ ಎಂದೂ ಕೇಳಬೇಡ. ನೀನೂ ಆಮೇಲೆ ಹೇಳುತ್ತೇನೆ ಎಂದಿದ್ದೀಯಲ್ಲ, ಇಬ್ಬರದೂ ಸರಿ ಹೋಯಿತು.

ಅಕ್ಕ


ಇಂಡಿ
೭ ಜುಲೈ ೨೦೨೪

ಅನಿಲ್ಯಾ, ನನ್ನ ಬಂಗಾರಾ, ಕೇಳ್ತೈತೋ! ನನಗ ಕೇಳ್ತೈತಿ!

ಮೊದಲು ಬೈದುಬಿಡು, ಆಮೇಲೆ ಓದು. ಶುಕ್ರವಾರ ಐದನೇ ಅಮಾಸಿ ಮುಗಿಯಿತು. ಫೆಬ್ರವರಿಯಲ್ಲಿ ನಾನು ಅತ್ತು ಕುಳಿತಾಗ ನಮ್ಮತ್ತೆ ಸೀತವ್ವ ಆಲಮೇಲದ ಕಡೆ ಹೊಳೆದಂಡೆಯ ಗದ್ದುಗೆಗೆ ಹರಕೆ ಹೊತ್ತು ನಡೆದುಕೊಂಡಳು. ಬಾಯಿಗೆ ಕೈ ಅಡ್ಡ ಇಟ್ಟು ತೋರಿಸಿ ತೋರಿಸಿ ಹೇಳಿದಳು: "ಐದು ಅಮಾಸಿ ಆಗೋತನಾ ಚಲೋ ಆತು ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ಯಾರರೆ ಕೇಳಿದ್ರ ಇಲ್ಲ ಅನ್ನು. ಆಡಿದ್ರ ಬಂದದ್ದು ಹೊಳ್ಳಿ ಹೋಗ್ತೈತಿ." ನಮ್ಮ ಕಡೆ ಇದು ಹೊಸದೇ? ಒಮ್ಮೆ ಕಾಲು ಹಗುರಾಯಿತೆಂದು ಓಣಿಗೆಲ್ಲ ಹೇಳಿ, ಮರುವಾರವೇ ಬಿದ್ದು ಮೊಣಕಾಲು ಮುರಿದುಕೊಂಡವಳು ನಾನು. ಹೆದರಿದೆ. ನಿನಗೆ ಹೇಳೋಣವೆಂದರೆ ನೀನು ನನ್ನ ಕೊರಳಿನ ತಾಯತ ಕಿತ್ತು ಗಟಾರಕ್ಕೆ ಎಸೆದವನು. ಬಾಬಾಸಾಹೇಬರ ಫೋಟೋ ತೋರಿಸಿ ಒಂದು ತಾಸು ಉಪನ್ಯಾಸ ಕೊಡುತ್ತಿದ್ದೆ.

ಏಪ್ರಿಲಿನಲ್ಲಿ ಶುರುವಾಯಿತು. ರೊಟ್ಟಿ ಬಡಿಯುವ ಸಪ್ಪಳ ಒಂದು ದಿನ ರೊಟ್ಟಿ ಬಡಿಯುವ ಸಪ್ಪಳವೇ ಆಯಿತು. ಆಮೇಲೆ ಅತ್ತೆ ಹಿತ್ತಲಲ್ಲಿ ಕೋಳಿಗೆ ಬೈದದ್ದು. ಆಮೇಲೆ ಕೋಮಲ ಬೆನ್ನ ಹಿಂದೆ ನಿಂತು, "ಅವ್ವಾ, ಹಸಿವಾಗೇತಿ" ಎಂದಳು. ತಿರುಗಿ ಆಕೆಯ ಬಾಯಿ ನೋಡಲಿಲ್ಲ, ನೇರ ಬುಟ್ಟಿಗೆ ಕೈ ಹಾಕಿ ರೊಟ್ಟಿ ಕೊಟ್ಟೆ. ತಾಯಿ ಮಗಳು ಅಪ್ಪಿಕೊಂಡು ಅತ್ತೆವು. ಗದ್ದಲದಲ್ಲಿ ಇನ್ನೂ ತಪ್ಪುತ್ತದೆ, ಆದರೆ ಮನೆಯೊಳಗಿನ ಮಾತು ಮಾತಾಗಿ ಬರುತ್ತದೆ.

ನಿನ್ನ ದನಿ ಒಂದು ಬಾಕಿ. ಬರುವ ರವಿವಾರ ಬಾ. ಬರದಿದ್ದರೆ ನಾನೇ ಬಾಬುಲಾಲನ ಬಸ್ಸು ಹತ್ತುತ್ತೇನೆ.

ನಿನ್ನ ಸುಳ್ಳುಬುರುಕಿ ಅಕ್ಕ


ಇಂಡಿ
೨೯ ಜುಲೈ ೨೦೨೪

ಅನಿಲ,

ಕಾಗದವಿಲ್ಲ, ನೀನೂ ಇಲ್ಲ. ಸಿಟ್ಟೇ? ಇಂಥ ಸುದ್ದಿಗೂ ಸಿಟ್ಟೇ? ಇವರು ಫೋನು ಹಚ್ಚಿಕೊಟ್ಟರು. ನೀನು ಎತ್ತಿದೆ, "ಹಲೋ, ಯಾರು, ಯಾರ್ರಿ" ಎಂದೆ. ನಾನು "ಅಕ್ಕ, ನಾ ಅಕ್ಕ" ಎಂದು ಕೂಗಿದೆ. ನೀನು "ಯಾರ್ರಿ, ಯಾರ್ರಿ" ಎನ್ನುತ್ತಲೇ ಇಟ್ಟುಬಿಟ್ಟೆ. ನಿನ್ನ ದನಿ ಎಷ್ಟು ಸ್ಪಷ್ಟ ಕೇಳಿತೆಂದರೆ, ಮೂಗು ಕಟ್ಟಿದ್ದೂ ತಿಳಿಯಿತು. ನಿನ್ನ ಫೋನಿಗೆ ಏನಾಗಿದೆ?

ಅಕ್ಕ


ಬಸವನ ಬಾಗೇವಾಡಿ
೧೯ ಆಗಸ್ಟ್ ೨೦೨೪

ಅಕ್ಕಾ,

ಫೋನಿಗೆ ಏನೂ ಆಗಿಲ್ಲ.

ಇದರ ಜೊತೆ ಮೇ ತಿಂಗಳಲ್ಲಿ ಬರೆದು ಕಳಿಸದ ಒಂದು ಕಾಗದ ಇದೆ. ಅದನ್ನು ಮೊದಲು ಓದು.

ಓದಿದೆಯಾ?

ಜೂನ್ ಐದಕ್ಕೆ ನಿನ್ನ "ಇಲ್ಲ" ಮುಟ್ಟಿತು. ಒಂಬತ್ತಕ್ಕೆ ಸೊಲ್ಲಾಪುರಕ್ಕೆ ಹೋಗಿ ಬೇಡ ಎಂದು ಸಹಿ ಮಾಡಿದೆ. ಡಾಕ್ಟರು ಮತ್ತೆ ಮತ್ತೆ ಬರೆದು ಕೇಳಿದರು. "ನಮ್ಮಕ್ಕ ಸುಳ್ಳು ಹೇಳುವವಳಲ್ಲ" ಎಂದು ನಾನೇ ಬರೆದು ತೋರಿಸಿದೆ.

ಸಿಟ್ಟಿಲ್ಲ ಎಂದು ಬರೆಯಬೇಕೆಂದು ಎಷ್ಟೋ ಸಲ ಕುಳಿತೆ, ಅದಕ್ಕೇ ಇಷ್ಟು ತಡ. ಬರೆಯಲು ಬರಲಿಲ್ಲ. ಸಿಟ್ಟಿದೆ. ಗದ್ದುಗೆಯ ಮೇಲಿದೆ, ಸೀತವ್ವನ ಮೇಲಿದೆ, ನಿನ್ನ ಮೇಲೆ ಬಹಳ ಇದೆ. ಒಂದು ಅಮಾಸಿ ಮೊದಲು ಹೇಳಿದ್ದರೆ ಯಾವ ದೇವರ ಗಂಟು ಹೋಗುತ್ತಿತ್ತು?

ಆಮೇಲೆ ನಿನ್ನ ಏಪ್ರಿಲ್ ಕಾಗದ ತೆಗೆದು ಮತ್ತೆ ಓದಿದೆ. ಏನೂ ಕೇಳುವುದಿಲ್ಲ ಎಂದು ಬರೆದ ಪುಟದಲ್ಲೇ, ಹಿತ್ತಲಿನಿಂದ ಅತ್ತೆ ಹಾಲು ಉಕ್ಕುತ್ತದೆ ಎಂದದ್ದನ್ನೂ ಬರೆದಿದ್ದೀ. ಬಾಯಿ ನೋಡದೆ ಅದು ಹೇಗೆ ತಿಳಿಯಿತು ನಿನಗೆ? ಕಣ್ಣೆದುರೇ ಇತ್ತು. ಹದಿಮೂರು ವರ್ಷ ಮಕ್ಕಳ ಲೆಕ್ಕದಲ್ಲಿ ತಪ್ಪು ಹುಡುಕಿದ ಮಾಸ್ತರ ನಾನು, ನನಗೆ ಕಾಣಲಿಲ್ಲ. ನಿನ್ನ "ಏನೂ ಇಲ್ಲ" ಮಾತ್ರ ಓದಿದೆ.

ಸೊಲ್ಲಾಪುರಕ್ಕೆ ಮತ್ತೆ ಬರೆದಿದ್ದೇನೆ.

ಅನಿಲ


ಇಂಡಿ
೨೪ ಆಗಸ್ಟ್ ೨೦೨೪

ತಮ್ಮಾ,

ನನ್ನ ಬಾಯಾಗ ಹುಳ ಬೀಳಲಿ. ನನ್ನ ಈ ಕೈ ಜೂನ್ ಎರಡಕ್ಕೆ ಮೊದಲೇ ಪೂರಾ ಬಿದ್ದು ಹೋಗಬಾರದಿತ್ತೇ?

ನಿನ್ನ ಕಾಗದ ಓದಿದವಳೇ ತಲೆಯ ಯಂತ್ರ ಕಿತ್ತು ಜೋಳದ ಕಣಜಕ್ಕೆ ಒಗೆದೆ. ಎರಡು ದಿನ ಹಾಗೇ ಕುಳಿತೆ. ಸಂಜೆ ಕೋಮಲ ಜೋಳ ಕೆದರಿ, ತೆಗೆದು, ಅರಿವೆಯಿಂದ ಒರೆಸಿ ಹಚ್ಚಿದಳು. ಹಚ್ಚಿದ ಕೂಡಲೇ ಕೇಳಿದ್ದು ಅತ್ತೆಯ ಅಳು. "ನನ್ನಿಂದ ಆತವಾ, ನನ್ನಿಂದ ಆತು" ಎಂದು ಹಣೆ ಬಡಿದುಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳಲಿಕ್ಕೆ ಇಷ್ಟು ದಿನ ಕಾದದ್ದು ಇದನ್ನೇ ನೋಡು.

ನೀನು ಏನಾದರೂ ಬೈ. ಆದರೆ ಹೋಗು. ಬರೆದು ಕೂಡಬೇಡ, ಎದ್ದು ಹೋಗು. ಇವರು ನಾಳೆ ಬೆಳಿಗ್ಗೆಯೇ ಬಸ್ಸು ಹತ್ತಿ ನಿನ್ನ ಕಡೆ ಬರುತ್ತಾರೆ, ಜೊತೆಗೆ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗುತ್ತಾರೆ. ನನ್ನನ್ನೂ ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸಿ. ಕಣ್ಣು ಕಟ್ಟಿ ಏನು ಕೇಳಿದರೂ ಉತ್ತರ ಹೇಳುತ್ತೇನೆ. ಒಂದು ಸಲ ಇಲ್ಲ ಎಂದದ್ದಕ್ಕೆ ಸಾವಿರ ಸಲ ಹೌದು ಎನ್ನುತ್ತೇನೆ.

ನಿನಗೆ ಬಂದದ್ದನ್ನು ಒಬ್ಬನೇ ಹೊತ್ತೆಯಲ್ಲೋ. ನಾನು ಸುಳ್ಳು ಹೇಳುತ್ತೇನೆಂದು ಹೆದರಿ ಮುಚ್ಚಿಟ್ಟೆ. ಮುಚ್ಚಿಡದೆ ಹೇಳಿದ್ದರೆ ಗದ್ದುಗೆಯನ್ನು ಹೊಳೆಗೆ ನೂಕಿ ನಿಜ ಹೇಳುತ್ತಿದ್ದೆ.

ಅಕ್ಕ


ಬಸವನ ಬಾಗೇವಾಡಿ
೧೧ ನವೆಂಬರ್ ೨೦೨೪

ಅಕ್ಕಾ,

ನಾನು ಹೇಳುತ್ತೇನೆ, ನಬಿಸಾಬರು ಬರೆಯುತ್ತಾರೆ. ನನ್ನ ಬರಹ ನನಗೇ ಕಾಣುವುದಿಲ್ಲ.

ಸೊಲ್ಲಾಪುರದಲ್ಲಿ ಮೂರು ಸಲ ಹೃದಯ ನೋಡಿದರು. ನಿಮ್ಮ ಮನೆಯವರು ಕೈ ಮುಗಿದು ಕೇಳಿದರು, ನಾನೂ ಕೇಳಿದೆ. ಜೂನಿನಲ್ಲಿ ತಡೆಯುತ್ತಿದ್ದ ಹೃದಯ ಈಗ ತಡೆಯುವುದಿಲ್ಲ. ಅರಿವಳಿಕೆ ಕೊಡುವವರು ಒಪ್ಪಲಿಲ್ಲ. ಬೇರೆ ಊರಿನಲ್ಲೂ ಕೇಳಿಸಿದೆವು, ಅದೇ ಉತ್ತರ. ನಿಮ್ಮ ಮನೆಯವರಿಗೆ ನಾನೇ ಆಣೆ ಹಾಕಿದ್ದೆ, ನಿನಗೆ ನಾನೇ ಹೇಳುತ್ತೇನೆಂದು. ಮುಗಿಯಿತು.

ಅಂಗೈ ಅಗಲದ ಅಕ್ಷರವಾದರೆ ಬಿಸಿಲಿನಲ್ಲಿ ಹಿಡಿದು ಓದುತ್ತೇನೆ. ಅದೂ ಎಷ್ಟು ದಿನವೋ. ಯಾರು ಬಂದರು, ಯಾರು ಹೋದರು ತಿಳಿಯುವುದಿಲ್ಲ. ಭುಜ ಮುಟ್ಟಿದಾಗ ಎದೆ ಧಸಕ್ ಎನ್ನುತ್ತದೆ.

ನೀನು ಬರಬೇಡ. ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದು ಹೇಳುವಷ್ಟು ಒಳ್ಳೆಯವನಲ್ಲ ನಾನು. ಇನ್ನೊಂದು ಕಾರಣ ಇದೆ. ನಿನಗೆ ಈಗ ಕೇಳುತ್ತದೆ. ಮಗಳ ಮಾತು ಇರುವ ಮನೆ ಬಿಟ್ಟು ಇಲ್ಲಿ ಬಂದು ಏನು ಕೇಳುತ್ತೀ? ಕಾಲು ಪೂರಾ ಸೋಲುವ ಮೊದಲು, ಕಣ್ಣು ಹೋಗುವ ಮೊದಲು, ಕೋಮಲಳ ಮಾತು ಸಾಕೆನಿಸುವಷ್ಟು ಕೇಳಿಕೋ.

ಅನಿಲ

(ತಂಗೀ, ನಾ ನಬಿಸಾಬ. ಬರಬ್ಯಾಡ ಅಂತ ಇವ ಹೇಳಿದ, ಅವ ಹೇಳಿದಂಗ ನಾ ಬರದೀನಿ. ಬರದ ಕಾಗದ ಮಡಚೂದ್ರಾಗ, ಎದುರಿಗೆ ಯಾರಿಲ್ಲ ಅಂತ ತಿಳದು, ಅಕ್ಕಾ ಅಂತ ಅತ್ತ. ಬಾರವಾ.)


ಇಂಡಿ
೧೬ ನವೆಂಬರ್ ೨೦೨೪

ಅನಿಲ್ಯಾ

ಕೋಮಲಳ ದಪ್ಪ ಪೆನ್ನು.
ಬಿಸಿಲಿಗೆ ಹಿಡಿದು ಓದು.

ಸಿಟ್ಟು ಇರಲಿ.
ಅದನ್ನ ತಗೋಳಾಕನ
ಬರಾಕತ್ತೇನಿ.

ನಾಳೆ.
ಬಾಬುಲಾಲನ ಬಸ್ಸು.
ಇವರು ಎತ್ತಿ ಕೂಡಿಸ್ತಾರ.
ಕೋಮಲ ಸಂಗಾಟ ಬರ್ತಾಳ.

ನಿನ್ನ ಅಂಗೈ ಮ್ಯಾಲ
ಬೆರಳಿಲೆ ಬರೀತೇನಿ.
ನನ್ನ ಬೆರಳು ನಡಗ್ತೈತಿ,
ನಿನ್ನ ಅಂಗೈ ನಡಗ್ತೈತಿ.
ತಿಳಿಯೋತನಾ ಬರೀತೇನಿ.

ಇನ್ನ ಯಾವ ಅಮಾಸಿನೂ ಇಲ್ಲ.

ಒಂದ ಮಾತು.
ಬಾಗಲಕ ಚಿಲಕ ಹಾಕಬ್ಯಾಡ.
ನಾ ಬಡದ್ರ
ನಿನಗ ಕೇಳೂದಿಲ್ಲ.